ಕರೆಂಟ್ ಬರುವ ಮೊದಲು

ಮೂಡಲಗಿಯ ಭೀಮಶಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ಕಬ್ಬು ನುರಿಸುವ ಹಂಗಾಮು ಮುಗಿದರೆ ಕೆಲಸ ಕಡಿಮೆ. ಆ ತಿಂಗಳುಗಳಲ್ಲಿ ಅವನು ಮನೆಯ ಹಿಂದಿನ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಅಲ್ಲಿ ಅವನೇ ಹವ್ಯಾಸಕ್ಕೆಂದು ಜೋಡಿಸಿದ ಸಿಎನ್‌ಸಿ ಯಂತ್ರವಿತ್ತು. ಕಂಪ್ಯೂಟರಿನಲ್ಲಿ ಬಿಡಿಸಿದ ಬಳ್ಳಿ, ನವಿಲುಗಳನ್ನು ಅದು ಹಲಗೆಯ ಮೇಲೆ ತಾನಾಗಿ ಕೆತ್ತುತ್ತಿತ್ತು.

ಮೊದಲು ಅದಕ್ಕೆ ಕೊರೆಯಲು ಬಡಗಿಗಳು ಬಳಸುವ ಸಣ್ಣ ಕೈಮಷೀನನ್ನೇ ಕಟ್ಟಿದ್ದ. ಅದು ಚೀರತೊಡಗಿದರೆ ಪಕ್ಕದ ಮನೆಯ ಅಕ್ಕವ್ವ ಗೋಡೆ ಬಡಿಯುತ್ತಿದ್ದಳು. ಒಂದು ದಿನ ಓಣಿಯಲ್ಲೇ ನಿಂತು, "ಇದು ಮನಿಯೋ ಗಿರಣಿಯೋ? ನನ್ನ ತಲಿ ಸಿಡಿಯಾಕತ್ತೈತಿ" ಎಂದು ಕೂಗಿದಳು. ಭೀಮಶಿಯೂ ಸುಮ್ಮನಿರಲಿಲ್ಲ. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

ಆಮೇಲೆ ಅವನು ಹೆಚ್ಚು ಶಕ್ತಿಯ ಸ್ಪಿಂಡಲ್ ತರಿಸಿದ. ಕಟ್ಟಿಗೆ ಕೊರೆಯುವ ಚೂಪು ಮೊನೆಯನ್ನು, ಅಂದರೆ ಬಿಟ್ಟನ್ನು, ಹಿಡಿದು ತಿರುಗಿಸುವ ದಪ್ಪ ಉಕ್ಕಿನ ಮೋಟಾರು ಅದು. ಬಕೆಟ್ಟಿನಲ್ಲಿ ಮುಳುಗಿಸಿದ ಪುಟ್ಟ ಪಂಪು ಅದರ ಮೈಯೊಳಗೆ ನೀರು ಹರಿಸಿ ತಂಪಾಗಿಡುತ್ತಿತ್ತು. ಸಾಗವಾನಿಯನ್ನು ಬೆಣ್ಣೆಯಂತೆ ಕೊರೆಯುವ ಈ ಸ್ಪಿಂಡಲ್ಲಿಗೆ ಸದ್ದೂ ಹೆಚ್ಚಿರಲಿಲ್ಲ. ಗೋಡೆ ಬಡಿಯುವುದೂ ನಿಂತಿತು.

ಆದರೆ ತೂಕ ಹಳೆಯದರ ಮೂರು ಪಟ್ಟು. ಯಂತ್ರ ಬಂದ್ ಮಾಡಿದೊಡನೆ ಸ್ಪಿಂಡಲ್ ಹೊತ್ತ ತಲೆ ತನ್ನ ಭಾರಕ್ಕೆ ತಾನೇ ಕೆಳಗೆ ಜಾರುತ್ತಿತ್ತು. ಭೀಮಶಿ ಅಡಿಗೊಂದು ಕಟ್ಟಿಗೆಯ ತುಂಡು ಇಟ್ಟು ಸಂಭಾಳಿಸುತ್ತಿದ್ದ.

"ಅದನ್ನ ಎತ್ತಿ ಹಿಡಿಯಾಕ ಸ್ಪ್ರಿಂಗ್ ಹಾಕೂತನಕ ಚಾಲೂ ಮಾಡಬ್ಯಾಡ್ರಿ," ಎಂದಿದ್ದಳು ಹೆಂಡತಿ ವಿಜಯಶ್ರೀ.

"ಐತವಾರ ಹಾಕ್ತೇನಿ ತಗೋ."

ಇನ್ನೊಂದು ವಿಷಯ ಅವಳಿಗೆ ಹೇಳಿರಲಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಸ್ಪಿಂಡಲ್ಲಿನ ಗುಂಡಿ ಒತ್ತುವುದು ಬೇಸರವಾಗಿ, ಕರೆಂಟ್ ಬಂದ ಕೂಡಲೇ ತಾನೇ ತಿರುಗುವಂತೆ ಮಾಡಿಟ್ಟಿದ್ದ.

ಬುಧವಾರ ವಿಜಯಶ್ರೀ ಎಂದಿನಂತೆ ಬಸ್ಸು ಹತ್ತಿ ಅರಭಾವಿಯ ಕಾಲೇಜಿನ ಆಫೀಸಿಗೆ ಹೋದಳು. ಭೀಮಶಿ ಧೂಳು ಮನೆಯೊಳಗೆ ಹೋಗದಿರಲೆಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ತಂಗಿಯ ಹೊಸ ಮನೆಯ ಬಾಗಿಲಿಗೆ ಹಲಗೆ ಕೆತ್ತಲು ಕೂತ. ಮಧ್ಯಾಹ್ನ ಎರಡರ ಸುಮಾರಿಗೆ ಹಲಗೆ ಅದುರಿದಂತಾಯಿತು. ಯಂತ್ರವನ್ನು ತಡೆದ. ತಲೆ ಮೇಲೆದ್ದು ನಿಂತಿತು, ಸ್ಪಿಂಡಲ್ ಮಾತ್ರ ತಿರುಗುತ್ತಲೇ ಇತ್ತು. ಹಲಗೆಯನ್ನು ಬಿಗಿದ ಬೋಲ್ಟೊಂದು ಸಡಿಲಾಗಿತ್ತು; ಒಂದೇ ಬೋಲ್ಟ್ ಅಲ್ಲವೇ ಎಂದು, ಕಟ್ಟಿಗೆಯ ತುಂಡು ಇಡದೆ ಬಲಗೈ ಅಡಿಗೆ ಚಾಚಿದ.

ಅಷ್ಟರಲ್ಲಿ ಕರೆಂಟ್ ಹೋಯಿತು.

ತಲೆ ದಬ್ಬೆಂದು ಇಳಿಯಿತು. ಇನ್ನೂ ತಿರುಗುತ್ತಿದ್ದ ಬಿಟ್ಟು ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದಿನಲ್ಲಿ ಹಲಗೆಯೊಳಗೆ ಹೊಕ್ಕು ಕಚ್ಚಿಕೊಂಡು ನಿಂತಿತು. ಸ್ಪಿಂಡಲ್ ಹಿಡಿದ ದಪ್ಪ ತಗಡು ಅವನ ಅಂಗೈಯನ್ನು ಬೋಲ್ಟಿನ ತಲೆಗೆ ಒತ್ತಿ ಹಿಡಿಯಿತು. ಒಳಗೆ ಏನೋ ಲಟಕ್ಕೆಂದ ಸದ್ದು ಅವನಿಗೇ ಕೇಳಿಸಿತು.

ಎಡಗೈಯಿಂದ ಎತ್ತಿ ನೋಡಿದ. ಅಲುಗಲಿಲ್ಲ. ಮೇಲಿನ ತಿರುಪು ತಿರುಗಿಸಿದರೆ ತಲೆ ಏಳುತ್ತಿತ್ತು, ಅದಕ್ಕೆ ಕೈ ಒಂದು ಗೇಣು ಸಾಲದು. ಸ್ವಿಚ್ಚಿನ ಬೋರ್ಡು ಎದುರು ಗೋಡೆಯಲ್ಲಿ. ಫೋನು ಪಡಸಾಲೆಯಲ್ಲಿ. ಕೂರುವ ಹಾಗಿಲ್ಲ, ನೆಟ್ಟಗೆ ನಿಲ್ಲುವ ಹಾಗಿಲ್ಲ, ಬಾಗಿಕೊಂಡೇ ಇರಬೇಕು. ಬೆರಳ ಸಂದಿಯ ಬಿಟ್ಟನ್ನು ನೋಡಿದಾಗಲೇ ಅವನಿಗೆ ಹೊಳೆದದ್ದು: ಕರೆಂಟ್ ಬಂದರೆ ಇದು ತಿರುಗುತ್ತದೆ.

ಆಮೇಲೆ ಅವನು ನೋವನ್ನು ಮರೆತ. ತಲೆಯ ಮೇಲಿನ ಫ್ಯಾನನ್ನೇ ನೋಡತೊಡಗಿದ. ಅದರ ರೆಕ್ಕೆ ಗಾಳಿಗೆ ಒಂದಿಷ್ಟು ಅಲುಗಿದರೂ ಕರೆಂಟ್ ಬಂತೆಂದುಕೊಳ್ಳುತ್ತಿದ್ದ. ಕೆಲವು ದಿನ ಕರೆಂಟ್ ಐದು ನಿಮಿಷಕ್ಕೆ ಬರುತ್ತದೆ, ಕೆಲವು ದಿನ ಸಂಜೆಗೆ. ಹುಟ್ಟಿದಾಗಿನಿಂದ ಕರೆಂಟ್ ಬರಲಿ ಎಂದೇ ಕಾದವನು ಈಗ ಬರಬಾರದೆಂದು ಬೇಡಿಕೊಂಡ.

ಕಿಟಕಿಯತ್ತ ಮುಖ ಮಾಡಿ ಕೂಗಿದ. ಓಣಿಯಲ್ಲಿ ಕಾಯಿಪಲ್ಲೆ ಗಾಡಿಯ ಸ್ಪೀಕರು ಒದರುತ್ತಿತ್ತು. ಅದು ದಾಟಿ ಹೋದ ಮೇಲೆ ಗಂಟಲು ಹರಿಯುವಂತೆ ಕೂಗಿದ, "ಯಾರರ ಅದೀರೇನ್ರೀ!"

ಕಿಟಕಿಯ ಸರಳಿನಾಚೆ ಅಕ್ಕವ್ವನ ಮುಖ ಕಂಡಿತು. "ಯಾರಿಗಿ ಬೈಯಾಕತ್ತೀ?"

"ಬೈಯಾಕತ್ತಿಲ್ಲರೀ ಆಯಿ. ನನ್ನ ಕೈ ಸಿಕ್ಕೈತಿ. ಕರೆಂಟ್ ಬಂತಂದ್ರ ಕೈ ಹೋಗತೈತಿ. ಮುಂದಿನ ಕಟ್ಟಿ ಮ್ಯಾಲ ಮೇನ್ ಸ್ವಿಚ್ ಐತಿ, ಅದರ ಹಿಡಿಕಿ ಕೆಳಗ ಎಳೀರಿ."

ಅಕ್ಕವ್ವ ಅಲ್ಲೇ ನಿಂತಳು. ಅವಳ ಗಂಡ ದಡ್ಡಿ ಊರಿನ ಹೊಳೆ ದಂಡೆಯಲ್ಲಿ ಪಂಪಿನ ಸ್ಟಾರ್ಟರ್ ಮುಟ್ಟಿ ಅವಳ ಕಣ್ಣೆದುರೇ ಸತ್ತಿದ್ದ. ಇಪ್ಪತ್ತು ವರ್ಷಗಳಿಂದ ಅವಳು ಮನೆಯ ದೀಪದ ಸ್ವಿಚ್ಚನ್ನೂ ಮುಟ್ಟಿದವಳಲ್ಲ. ಓಣಿಗೆಲ್ಲ ಗೊತ್ತಿದ್ದ ಸಂಗತಿ, ಭೀಮಶಿಗೂ ಗೊತ್ತಿತ್ತು.

"ನನ್ನ ಕೈಲೆ ಆಗೂದಿಲ್ಲೋ ತಮ್ಮಾ. ಗಿರಣಿ ಉದ್ದಪ್ಪನ್ನ ಕರೀತೇನಿ."

"ಅಷ್ಟೊತ್ತಿಗೆ ಬಂದು ಬಿಡತೈತಿ ಆಯಿ! ಕೈಲೆ ಮುಟ್ಟಬ್ಯಾಡ್ರಿ. ಒಣಾ ಕಟ್ಟಿಗಿಲೆ ದಬ್ಬರಿ. ಕಟ್ಟಿಗ್ಯಾಗ ಕರೆಂಟ್ ಹರಿಯಂಗಿಲ್ಲ."

"ಖರೆ ಹೇಳ್ತೀಯೇನು?"

"ನಮ್ಮವ್ವನ ಆಣಿ."

ಮುಖ ಮರೆಯಾಯಿತು. ಅವಳು ಕಟ್ಟೆಗೆ ಹೋದಳೋ, ಉದ್ದಪ್ಪನ ಹತ್ತಿರ ಹೋದಳೋ ತಿಳಿಯಲಿಲ್ಲ. ಭೀಮಶಿ ಎಣಿಸತೊಡಗಿದ. ಐವತ್ತು ದಾಟಿತು. ಬೆವರು ಕಣ್ಣಿಗಿಳಿಯಿತು. ನೂರು ದಾಟಿದ ಮೇಲೆ ಎಣಿಕೆ ತಪ್ಪಿತು. ಮುಂಬಾಗಿಲ ಕಡೆ ಕಬ್ಬಿಣದ ಮೇಲೆ ಕಟ್ಟಿಗೆ ಬಡಿದ ಸದ್ದು. ಒಮ್ಮೆ, ಮತ್ತೊಮ್ಮೆ. ಜೊತೆಗೆ ಅಕ್ಕವ್ವ ದೇವರ ಹೆಸರು ಹಿಡಿದು ಅಳುವ ದನಿ. ಮೂರನೆಯ ಸಲಕ್ಕೆ ಖಟ್ಟೆಂದಿತು.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಟೀವಿ ಮಾತಾಡತೊಡಗಿತು. ಗಿರಣಿ ಗುಡುಗುಟ್ಟಿತು. ಭೀಮಶಿ ಕಣ್ಣು ಬಿಗಿಯಾಗಿ ಮುಚ್ಚಿದ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಫ್ಯಾನು ನಿಂತೇ ಇತ್ತು. ಆಗ ಅವನಿಗೆ ಅಳು ಬಂತು.

ಅಕ್ಕವ್ವ ಉದ್ದಪ್ಪನನ್ನು ಕರೆತಂದಳು. ಅವನು ಹಾರೆಯಿಂದ ಅಗಳಿ ಮೀಟಿ ಒಳಗೆ ಬಂದು, ಭೀಮಶಿ ಹೇಳಿದಂತೆ ತಿರುಪು ತಿರುಗಿಸಿದ. ಕೈ ಬಿಡುಗಡೆಯಾದೊಡನೆ ಭೀಮಶಿ ನೆಲಕ್ಕೆ ಕುಸಿದ. ಅಕ್ಕವ್ವ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿನ್ನೂ ಲಟ್ಟಣಿಗೆ.

ಗೋಕಾಕದ ಆಸ್ಪತ್ರೆಯಲ್ಲಿ ಅಂಗೈಯ ಎರಡು ಎಲುಬು ಮುರಿದಿವೆ ಎಂದರು. ವಿಜಯಶ್ರೀ ಆಫೀಸಿನಿಂದ ನೇರವಾಗಿ ಅಲ್ಲಿಗೇ ಬಂದಳು. ಭೀಮಶಿ ಎಲ್ಲವನ್ನೂ ಹೇಳಿದ, ಮುಚ್ಚಿಟ್ಟದ್ದನ್ನೂ. ಅವಳು, "ಒಂದು ಗುಂಡಿ ಒತ್ತಾಕ ಬ್ಯಾಸರಾತೇನ್ರಿ?" ಎಂದಳು.

ಪಟ್ಟಿ ಬಿಚ್ಚಿದ ಮೇಲೂ ತೋರುಬೆರಳು ಪೂರ್ತಿ ಮಡಚುತ್ತಿಲ್ಲ. ಯಂತ್ರಕ್ಕೆ ಸ್ಪ್ರಿಂಗ್ ಹಾಕಿದ್ದಾನೆ. ಗುಂಡಿ ಒತ್ತದೆ ಈಗ ಏನೂ ತಿರುಗುವುದಿಲ್ಲ. ಬಾಗಿಲಿಗೆ ಅಗಳಿಯೇ ಇಲ್ಲ. ತಂಗಿಯ ಹಲಗೆಯನ್ನೂ ಮುಗಿಸಿಕೊಟ್ಟ. ಆದರೆ ಹಗಲಲ್ಲಿ ಕರೆಂಟ್ ಹೋದರೆ, ಉಣ್ಣುತ್ತಿರಲಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿರಲಿ, ಅವನ ಎರಡೂ ಕೈ ತಾವಾಗಿ ಎದೆಗೆ ಬಂದು ಕೂರುತ್ತವೆ. ಕರೆಂಟ್ ಬರುವವರೆಗೆ ಇಳಿಯುವುದಿಲ್ಲ.