ಚೀಲ ಕುಯ್ಯುವವನ ಎದೆ

"ಅಳೋದು ಆಮೇಲೆ ಇದ್ದೇ ಇದೆ ಕಣಮ್ಮ. ಮೊದಲು ಹೆಣ ಎತ್ತಿಸು. ಹೊರಗೆ ಗಾಡಿ ಕಾಯ್ತಾ ಇದೆ."

ಅವಳು ಅಳುತ್ತಿರಲಿಲ್ಲ. ಗಂಡನ ಗಲ್ಲದ ಮೇಲೆ ಒಣಗಿದ್ದ ಜೊಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ವರ್ಷಗಟ್ಟಲೆ ಅವನ ಉಸಿರಿನ ಎಳೆದಾಟ ಕೇಳುತ್ತಲೇ ಮಲಗಿದವಳು. ಈಗ ಆ ಸದ್ದು ನಿಂತ ಮನೆಯಲ್ಲಿ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ ಸಾಕು ಅನ್ನಿಸುತ್ತಿತ್ತು.

ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದವನು ಕಾರ್ಖಾನೆಯ ಕ್ಷೇಮಾಧಿಕಾರಿ. ಬದುಕಿರುವವರ ಮನೆಗೆ ಅವನೆಂದೂ ಕಾಲಿಟ್ಟವನಲ್ಲ. ಕೂಲಿ ಸಾಲಿನ ಜನ ಅವನನ್ನು 'ಸಾವಿನ ಸಾಹೇಬ' ಎಂದೇ ಕರೆಯುತ್ತಿದ್ದರು. ಯಾರಾದರೂ ಸತ್ತ ಸುದ್ದಿ ನೆಂಟರಿಗೆ ಮುಟ್ಟುವ ಮೊದಲೇ ಕಾರ್ಖಾನೆಯ ಗಾಡಿ, ಹೂವಿನ ಹಾರ, ಸುಡುವ ಖರ್ಚು ಎಲ್ಲವೂ ಬಾಗಿಲಿಗೆ ಬಂದುಬಿಡುತ್ತಿತ್ತು. ಮೊದಮೊದಲು ಜನ ಅದಕ್ಕೆ ಕೈಮುಗಿದಿದ್ದರು.

ಅವನ ಕಣ್ಣು ಹೆಣದ ಕೆಳಗಿನ ಹಾಸಿನ ಮೇಲೆ ಬಿತ್ತು.

"ಇದು ಕಂಪನಿ ಚೀಲ ಅಲ್ವಾ? ಮಾರ್ಕು ಇನ್ನೂ ಕಾಣ್ತಿದೆ. ಕದ್ದು ತಂದಿದ್ನಾ?"

"ಖಾಲಿ ಚೀಲ ಸಾರ್. ಒಗೆದು ಹೊಲ್ಕೊಂಡಿದೀವಿ. ಈ ಸಾಲಲ್ಲಿ ಎಲ್ಲರ ಮನೇಲೂ ಇದೆ."

"ಖಾಲಿಯಾದ್ರೇನು, ಕಂಪನಿ ಮಾಲು."

"ಹೆಣಾನೂ ಕಂಪನಿ ಮಾಲೇ ಬಿಡಿ. ಅದಕ್ಕೇ ಎತ್ಕೊಂಡು ಹೋಗಕ್ಕೆ ಇಷ್ಟು ಅವಸರ," ಎಂದಳು ಪಕ್ಕದ ಮನೆಯ ಹೊಲಿಗೆಯಕ್ಕ.

"ನಿಂದು ಇನ್ನೂ ಅದೇ ಬಾಯಿ. ಕೋರ್ಟಲ್ಲಿ ಮಣ್ಣು ಮುಕ್ಕಿದ್ರೂ ಬುದ್ಧಿ ಬರಲಿಲ್ಲ," ಎಂದು ಗೊಣಗಿ, ಫೋನು ಕಿವಿಗಿಟ್ಟುಕೊಂಡು ಅವನು ಹೊರಗೆ ಹೋದ.

ಹೊಲಿಗೆಯಕ್ಕ ಬಿಸಿನೀರಿನ ಲೋಟವನ್ನು ಅವಳ ಕೈಗಿಟ್ಟು, ಕೆದರಿದ ಕೂದಲನ್ನು ಬೆರಳಿನಿಂದಲೇ ಬಾಚಿ ಗಂಟು ಹಾಕಿದಳು. ಹೊಲಿಗೆಯಕ್ಕನ ಗಂಡನೂ ಕಾರ್ಖಾನೆಯ ಅದೇ ಶೆಡ್ಡಿನವನು, ಅದೇ ಕೆಮ್ಮಿನವನು. ಅವನನ್ನೂ ಇದೇ ಗಾಡಿ ಒಯ್ದಿತ್ತು. ಆಮೇಲೆ ಅವಳು ಪರಿಹಾರ ಕೇಳಿ ಕೋರ್ಟಿಗೆ ಹೋದಾಗ ಕಂಪನಿಯ ವಕೀಲ ಕೇಳಿದ್ದು ಒಂದೇ ಮಾತು: ಯಾವುದ್ರಿಂದ ಸತ್ತ ಅನ್ನೋದಕ್ಕೆ ಏನಿದೆ ತೋರಿಸಿ. ತೋರಿಸಲು ಬೂದಿಯೂ ಉಳಿದಿರಲಿಲ್ಲ. ಬದುಕಿದ್ದಾಗ ಒಂದು ಸಿಗರೇಟನ್ನೂ ಮುಟ್ಟದ ಮನುಷ್ಯ, ಸತ್ತ ಮೇಲೆ ಕೋರ್ಟಿನಲ್ಲಿ ಪ್ಯಾಕುಗಟ್ಟಲೆ ಸೇದಿದ.

"ದೊಡ್ಡಾಸ್ಪತ್ರೆ ಡಾಕ್ಟ್ರ ಹತ್ರ ನಮ್ಮ ವಕೀಲರು ಮಾತಾಡಿದಾರೆ," ಎಂದು ಹೊಲಿಗೆಯಕ್ಕ ಪಿಸುಗುಟ್ಟಿದಳು. "ಎದೆಯೊಳಗಿಂದ ಒಂದು ಚೂರು ತೆಗೆದು ನೋಡಿದ್ರೆ ಸಾಕಂತೆ. ಶೆಡ್ಡಲ್ಲಿ ಉಸಿರಾಡಿದ ನಾರು ಅಲ್ಲೇ ಕೂತಿರುತ್ತಂತೆ."

"ಕುಯ್ಬೇಕಾ?"

"ಕುಯ್ಯದೆ ಹೇಗೆ ನೋಡ್ತಾರೆ?"

"ಮಾತು ಕೊಟ್ಟಿದೀನಿ ಅಕ್ಕ."

ಅವಳ ಗಂಡನ ಕೆಲಸ ಚೀಲ ಕುಯ್ಯುವುದು. ಚಾವಣಿ ಶೀಟಿನ ಕಲ್ನಾರು ತುಂಬಿದ ಚೀಲ ಲಾರಿಯಿಂದ ಇಳಿಯುತ್ತಿತ್ತು. ಅವನು ಬಾಯಿಂದ ತಳದವರೆಗೆ ಚಾಕುವಿನ ಒಂದೇ ಎಳೆತಕ್ಕೆ ಸೀಳಿ, ಒಳಗಿನದನ್ನು ಯಂತ್ರಕ್ಕೆ ಸುರಿಯುತ್ತಿದ್ದ. ಧೂಳು ಹತ್ತಿಯ ಹಾಗೆ ಬೆಳ್ಳಗೆ ಏಳುತ್ತಿತ್ತು. ಸಂಜೆ ಮನೆಗೆ ಬಂದಾಗ ಅವನ ರೆಪ್ಪೆಯೂ ಬೆಳ್ಳಗಿರುತ್ತಿತ್ತು. "ಬೆಂಕೀಲಿ ಹಾಕಿದ್ರೂ ಸುಡಲ್ಲ ಕಣೆ ಇದು," ಎಂದು ಮದುವೆಯಾದ ಹೊಸದರಲ್ಲಿ ಹೆಮ್ಮೆಪಟ್ಟಿದ್ದ. ಅವಳು ಅವನ ಅಂಗಿಯನ್ನು ಹಿತ್ತಲಲ್ಲಿ ಒದರಿ ಒಗೆಯುತ್ತಿದ್ದಳು.

ಕೊನೆಕೊನೆಗೆ, ಮಲಗಲೂ ಆಗದೆ ದಿಂಬಿಗೆ ಬೋರಲಾಗಿ ಕೂತಿರುತ್ತಿದ್ದವನು ಒಂದು ಮಧ್ಯಾಹ್ನ ಅವಳ ಕೈ ಹಿಡಿದಿದ್ದ. "ಜೀವಮಾನವೆಲ್ಲ ಚೀಲ ಕುಯ್ದೆ. ನನ್ನನ್ನ ಹಾಗೆ ಕುಯ್ಯಕ್ಕೆ ಮಾತ್ರ ಬಿಡಬೇಡ. ಗೋಣಿ ಹೊಲಿದ ಹಾಗೆ ಹೊಲಿದು ಕಳಿಸ್ತಾರೆ."

"ಬಿಡಲ್ಲ," ಎಂದಿದ್ದಳು.

"ನಿನ್ನ ಗಂಡ, ನಿನ್ನ ಮಾತು. ನಾನು ಬಲವಂತ ಮಾಡಲ್ಲಮ್ಮ," ಎಂದಳು ಹೊಲಿಗೆಯಕ್ಕ.

ಹೆಣ ಎತ್ತಿದರು. ಅವನಲ್ಲಿ ಭಾರವೇ ಇರಲಿಲ್ಲ. ಗಾಡಿಯ ಹಿಂಭಾಗದಲ್ಲಿ ಅವನ ಒಂದು ಪಕ್ಕಕ್ಕೆ ಅವಳು, ಇನ್ನೊಂದು ಪಕ್ಕಕ್ಕೆ ಹೊಲಿಗೆಯಕ್ಕ ಕೂತರು. ಮುಂದೆ ಡ್ರೈವರಿನ ಪಕ್ಕ ಸಾಹೇಬ. ಡ್ರೈವರು ಮೊದಲು ಶೆಡ್ಡಿನಲ್ಲೇ ಇದ್ದವನು. ಉಸಿರು ಸಾಲದೆ ಗಾಡಿಗೆ ಹಾಕಿದ್ದರು. ಹಳ್ಳ ಬಂದಲ್ಲೆಲ್ಲ ಅವನು ಗಾಡಿಯನ್ನು ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸುತ್ತಿದ್ದ.

"ಏನೋ ಅದು, ಒಳ್ಳೆ ಬಸುರಿ ಕೂರಿಸ್ಕೊಂಡ ಹಾಗೆ ಓಡಿಸ್ತೀಯ! ಹೆಣಕ್ಕೆ ನೋವಾಗುತ್ತಾ?"

ಡ್ರೈವರು ಮುಂದಿನ ಹಳ್ಳವನ್ನೂ ಮೆಲ್ಲಗೇ ದಾಟಿಸಿದ.

ಸಾಹೇಬನ ಫೋನು ಬಡಿದುಕೊಂಡಿತು. "ಹ್ಞೂ ಸಾರ್, ಎತ್ತಿದ್ದಾಯ್ತು. ಊಟದ ಹೊತ್ತಿಗೆ ಬೂದಿ ಸಾರ್. ಇಲ್ಲ ಇಲ್ಲ, ಹೆಂಗಸು ಸಾಧು, ತರ್ಲೆ ಏನಿಲ್ಲ." ಆ ಕಡೆಯವರು ಏನೋ ಕೇಳಿದರು. ಅವನು ನಕ್ಕ. "ಹಳೇದೇ ಸಾರ್. ಸಿಗರೇಟು."

ಹೊಲಿಗೆಯಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಅವಳು ಗಂಡನ ಮುಖ ನೋಡಿದಳು. ಸಿಗರೇಟಿನ ಹೊಗೆ ಸುಳಿದರೆ ಬಸ್ಸಿನಿಂದಲೇ ಇಳಿದು ನಡೆಯುತ್ತಿದ್ದ ಮನುಷ್ಯ. ಅವನ ಎದೆಯ ಮೇಲೆ ಕೈಯಿಟ್ಟಳು. ಒಳಗೆ ಇದೆ. ಬೆಂಕಿಗೆ ಹಾಕಿದರೂ ಸುಡದಂಥದ್ದು ಇದರೊಳಗೆ ಇದೆ. ಆದರೆ ಎದೆ ಸುಡುತ್ತದೆ.

ಮುಂದೆ ರಸ್ತೆ ಎರಡಾಗುತ್ತಿತ್ತು. ಬಲಕ್ಕೆ ಸುಡುಗಾಡು. ಎಡಕ್ಕೆ ಆಸ್ಪತ್ರೆ.

"ಅಣ್ಣಾ," ಎಂದಳು. ಡ್ರೈವರಿನ ಸೀಟಿನ ಬೆನ್ನು ತಟ್ಟಿದಳು. "ಅಣ್ಣಾ, ಎಡಕ್ಕೆ ತಿರುಗ್ಸು."

"ಎಡಕ್ಕೆ ಏನಿದೆ?" ಸಾಹೇಬ ಹಿಂದಕ್ಕೆ ತಿರುಗಿದ. "ಲೇ, ಬಲಕ್ಕೆ ತಗೋ."

ಗಾಡಿ ಕೂಡುರಸ್ತೆಯಲ್ಲಿ ನಿಂತಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಡ್ರೈವರು ಕನ್ನಡಿಯಲ್ಲಿ ಅವಳ ಮುಖ ನೋಡಿದ. ಆಮೇಲೆ ಎಡಕ್ಕೆ ತಿರುಗಿಸಿದ.

"ಬೋಳಿಮಗನೆ! ನಿನ್ನ ಕೆಲಸ ಹೋಯ್ತು ಅನ್ಕೋ!"

"ಹೋಗ್ಲಿ ಬಿಡಿ ಸಾರ್. ನನ್ನನ್ನ ಒಯ್ಯೋ ದಿನಕ್ಕೆ ಹೇಗೂ ಬೇರೆ ಡ್ರೈವರು ಬೇಕಲ್ಲ. ಈಗಿಂದಲೇ ಹುಡುಕಿ," ಎಂದ ಡ್ರೈವರು. ಅಷ್ಟು ಹೇಳಿದ್ದಕ್ಕೇ ಕೆಮ್ಮು ಬಂತು.

ಆಸ್ಪತ್ರೆಯ ಹಿಂದಿನ ಶವಾಗಾರದ ಬಾಗಿಲಿಗೆ ಗಾಡಿ ಹೋಗುವವರೆಗೂ ಸಾಹೇಬ ಕೂಗಾಡಿದ. ಇಳಿದ ಮೇಲೂ ಕೂಗಾಡಿದ. "ಗಂಡ ಸತ್ತು ಅರ್ಧ ದಿನ ಆಗಿಲ್ಲ, ಎಷ್ಟು ಕೊಬ್ಬು ಮುಂಡೆಗೆ! ಹೆಣ ಕುಯ್ಸಿ ದುಡ್ಡು ಮಾಡ್ತೀಯಾ? ಒಂದು ಪೈಸಾ ಸಿಗಲ್ಲ ನಿಂಗೆ, ನೋಡ್ತಿರು!"

"ಸಿಗದಿದ್ರೆ ಬೇಡ," ಎಂದಳು ಅವಳು. ಜಗಳವಾಡಲು ಅವಳಲ್ಲಿ ತ್ರಾಣವಿರಲಿಲ್ಲ. "ಸಿಗರೇಟು ಅಂತ ಮಾತ್ರ ಇನ್ಮೇಲೆ ಹೇಳಬೇಡಿ."

ಡಾಕ್ಟರು ಬಂದು, ವಕೀಲರ ಹೆಸರು ಕೇಳಿ ತಲೆಯಾಡಿಸಿ ಒಳಗೆ ಹೋದರು. ಶವಾಗಾರದ ಆಳು ಕೈಗವಸು ಹಾಕಿಕೊಳ್ಳುತ್ತ ಹೊರಗೆ ಬಂದ.

"ನೀವು ಮನೆಗೆ ಹೋಗಿ ಬನ್ನಿ ಅಮ್ಮ. ಹೊತ್ತಾಗುತ್ತೆ."

"ಇಲ್ಲೇ ಇರ್ತೀನಪ್ಪ." ಅವಳು ಮಾತಿಗೆ ತಡಕಾಡಿದಳು. "ಕುಯ್ಯಬೇಡ ಅಂದಿದ್ರು ಅವರು. ಹೊಲಿಗೇನಾದ್ರೂ..."

ಹೊಲಿಗೆಯಕ್ಕ ಕೈಚೀಲದಲ್ಲಿ ಹುಡುಕಿ ಬಿಳಿ ದಾರದ ಉಂಡೆಯೊಂದನ್ನು ತೆಗೆದು ಅವನಿಗೆ ಕೊಟ್ಟಳು. "ಗೋಣಿದಾರ ಬೇಡಪ್ಪ. ಇದರಲ್ಲಿ ಹೊಲಿ. ಒತ್ತೊತ್ತಾಗಿ."

ಅವನು ದಾರವನ್ನೂ ಅವರಿಬ್ಬರನ್ನೂ ನೋಡಿದ. ಉಂಡೆಯನ್ನು ಜೇಬಿಗಿಟ್ಟುಕೊಂಡ. "ಸಣ್ಣದಾಗೇ ಹೊಲೀತೀನಿ ಅಮ್ಮ," ಎಂದು ಬಾಗಿಲು ಹಾಕಿಕೊಂಡ.

ಅವಳು ಗೋಡೆಗೆ ಒರಗಿ ಕೂತಳು. ಡ್ರೈವರು ಗಾಡಿಯ ಬೀಗದಕೈಯನ್ನು ಸಾಹೇಬನ ಕಾಲ ಬಳಿ ಇಟ್ಟು ಬಂದು ಅಷ್ಟು ದೂರದಲ್ಲಿ ಕೂತ. ಒಳಗೆ ಚಾಕು ಮಸೆಯುವ ಸದ್ದು ಕೇಳಿಸಿತು. ಕೆಲಸಕ್ಕೆ ಹೊರಡುವ ಮೊದಲು ಗಂಡ ಹೊಸ್ತಿಲ ಕಲ್ಲಿನ ಮೇಲೆ ತನ್ನ ಚಾಕು ಮಸೆಯುತ್ತಿದ್ದ ಸದ್ದು. ಅದೇ ಸದ್ದಿಗೆ ಅವಳು ದಿನಾ ಎಚ್ಚರಗೊಳ್ಳುತ್ತಿದ್ದಳು.

ಹೊಲಿಗೆಯಕ್ಕ ಅವಳ ಕಿವಿ ಮುಚ್ಚಲು ಕೈ ಚಾಚಿದಳು. ಅವಳು ಆ ಕೈಯನ್ನು ಹಿಡಿದು ಮಡಿಲಲ್ಲಿ ಇಟ್ಟುಕೊಂಡು, ಕೇಳುತ್ತ ಕೂತಳು.