ಅಯ್ಯನವರ ಓಡಾಟ

ಬೆಳಗಿನ ಪ್ರಾರ್ಥನೆ ಮುಗಿಸಿ ಕ್ಯಾನ್ವಾಸ್ ಬೂಟಿನ ದಾರ ಕಟ್ಟುತ್ತಿದ್ದ ಸಭಾಪಾಲಕ ಅಯ್ಯನವರಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಸಂಜೆಗೆ ಡಾಕ್ಟರಮ್ಮನ ಪರೀಕ್ಷೆ. ಹೋದ ಚಳಿಗಾಲದಲ್ಲಿ ಚರ್ಚಿನ ಪ್ರಸಂಗಪೀಠದ ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಟ್ಟಿದ್ದ ಅವರಿಗೆ ಆಕೆ ಕಡ್ಡಿ ಮುರಿದಂತೆ ಹೇಳಿದ್ದರು: ದಿನಾ ನಡೆಯಬೇಕು, ಬೇಸಿಗೆಯೊಳಗೆ ಹೃದಯ ಸುಧಾರಿಸದಿದ್ದರೆ ಮನೆಮನೆ ತಿರುಗುವುದು ಬಂದ್. ಬಿಷಪ್ಪರಂತೂ ದೊಡ್ಡ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಅವರಿಗೊಂದು ಕುರ್ಚಿಯನ್ನೇ ಹಾಕಿಸಿಟ್ಟಿದ್ದರು. ಆ ಕುರ್ಚಿ ಅಯ್ಯನವರ ಕನಸಿಗೂ ಬಂದು ಹೆದರಿಸುತ್ತಿತ್ತು.

"ಇವತ್ತಾದ್ರೂ ನಡೀರಿ. ಯಾರ ಗಾಡೀನೂ ಹತ್ತಬೇಡಿ," ಎಂದರು ಹೆಂಡತಿ.

"ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ ಕಣೇ."

"ನಿಮ್ಮ ಬಾಯಲ್ಲಿ 'ಬೇಡ' ಅನ್ನೋ ಮಾತನ್ನ ದೇವರು ಇಟ್ಟೇ ಇಲ್ಲ ಬಿಡಿ!"

ತೊಂದರೆ ಇದ್ದದ್ದೇ ಅಲ್ಲಿ. ಅಯ್ಯನವರು ನಡೆಯುವುದನ್ನು ಕಂಡರೆ ಸಭೆಯವರಿಗೆ ಕರುಳು ಚುರುಕ್ ಎನ್ನುತ್ತಿತ್ತು. ಬೀದಿಯ ತಿರುವು ದಾಟುವಷ್ಟರಲ್ಲಿ ಟೈಲರ್‌ನ ಸ್ಕೂಟರ್ ಗಕ್ಕನೆ ಪಕ್ಕಕ್ಕೆ ಬಂದು ನಿಂತಿತು.

"ಏನಯ್ಯನವರೇ, ನಾನಿರೋವಾಗ ನೀವು ನಡೆಯೋದಾ? ನೋಡಿದೋರು ನನ್ನ ಮುಖಕ್ಕೆ ಉಗೀತಾರೆ. ಹತ್ತಿ, ಹತ್ತಿ!"

ಹತ್ತಿದರು. ಟೈಲರ್ ಅವರನ್ನು ತನ್ನ ಅಂಗಡಿಯ ಮುಂದೆ ಇಳಿಸಿ, ದೊಡ್ಡ ಪುಣ್ಯ ಕಟ್ಟಿಕೊಂಡವನಂತೆ ನಕ್ಕ. ರೋಗಿಗಳನ್ನು ನೋಡಲು ಹೋಗಬೇಕಾದ ಆಸ್ಪತ್ರೆ ಊರಿನ ಇನ್ನೊಂದು ತುದಿಗಿತ್ತು. ಅಯ್ಯನವರು ನಿಟ್ಟುಸಿರಿಟ್ಟು ಬಂದ ದಾರಿಯಲ್ಲೇ ಹಿಂದಿರುಗಿ ಹೊರಟರು.

ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸಿ, ಗುಡ್ಡದ ಮೇಲಿನ ಸ್ಮಶಾನದಲ್ಲಿ ಒಬ್ಬರನ್ನು ಮಣ್ಣಿಗೆ ಒಪ್ಪಿಸಿ ಬರುವಾಗ ನೆತ್ತಿ ಸುಡುತ್ತಿತ್ತು. ಅಷ್ಟರಲ್ಲಿ ಸಭೆಯ ಅತ್ತೆ-ಸೊಸೆಯರಿಬ್ಬರ ಮೂರಂತಸ್ತಿನ ಮನೆಯ ಬಾಗಿಲಿನಿಂದ ಅತ್ತೆ ಕೂಗಿದರು. ಸೊಸೆ ಮಾತು ಬಿಟ್ಟು ಮೇಲಿನ ಮಹಡಿ ಸೇರಿದ್ದಳು.

"ಆ ಮಹಾರಾಣಿಗೆ ಹೇಳಿ, ಅವಳು ಮುರಿದಿದ್ದು ನಮ್ಮಮ್ಮನ ಹೊಲಿಗೆ ಮೆಷಿನ್ ಅಂತ."

ಅಯ್ಯನವರು ಹತ್ತಿದರು.

"ಅದು ಮುಂಚೇನೇ ಮುರಿದಿತ್ತು ಅಂತ ಹೇಳಿ ಅವರಿಗೆ," ಎಂದಳು ಸೊಸೆ.

ಇಳಿದರು. ಕೆಳಗೆ ಇನ್ನೊಂದು ಮಾತು ಕಾದಿತ್ತು, ಮತ್ತೆ ಹತ್ತಿದರು. ಒಬ್ಬರಿಗೂ ಮೆಟ್ಟಿಲ ಹತ್ತಿರ ಬರುವ ಮನಸ್ಸಿಲ್ಲ. ಹೀಗೆ ಸುದ್ದಿ ಹೊತ್ತು ಹೊತ್ತು, ಕೊನೆಗೆ ಅಯ್ಯನವರು ನಡುವಿನ ಮೆಟ್ಟಿಲ ಮೇಲೆ ಕುಕ್ಕರಿಸಿ ಬೆವರೊರೆಸಿಕೊಂಡಾಗ ಕೆಳಗಿನಿಂದ ಅತ್ತೆ, ಮೇಲಿನಿಂದ ಸೊಸೆ ಒಟ್ಟಿಗೇ ನೀರು ತಂದರು. ಎರಡು ಲೋಟ ಎದುರುಬದುರಾದವು. ಮೊದಲು ನಕ್ಕವಳು ಸೊಸೆ.

ಅವರ ಜಗಳವೇನೋ ಮುಗಿಯಿತು. ಆದರೆ ವಾಕಿಂಗಿಗೆ ಹೊತ್ತೇ ಸಿಗಲಿಲ್ಲ.

"ಡಾಕ್ಟರಮ್ಮಾ, ಸುಳ್ಳು ಹೇಳಲ್ಲ," ಎಂದರು ಸಂಜೆ, ತಲೆ ತಗ್ಗಿಸಿ. "ನೀವು ಹೇಳಿದ ವಾಕಿಂಗ್ ಒಂದು ದಿನವೂ ನೆಟ್ಟಗೆ ಆಗಲಿಲ್ಲ."

ಆಕೆ ಎದೆಗೆ ತಂತಿ ಅಂಟಿಸಿ, ನಿಂತಲ್ಲೇ ನಡೆಸುವ ಯಂತ್ರದ ಮೇಲೆ ಹತ್ತಿಸಿದರು. ಕಾಲ ಕೆಳಗಿನ ಪಟ್ಟಿ ಓಡತೊಡಗಿತು. ಅಯ್ಯನವರು ಮನಸ್ಸಿನಲ್ಲೇ 'ಕರ್ತನೇ, ನಿನ್ನ ಚಿತ್ತ' ಎಂದುಕೊಳ್ಳುತ್ತ ನಡೆದರು, ನಡೆದೇ ನಡೆದರು. ಮೂಲೆಯಲ್ಲಿ ಕೂತಿದ್ದ ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದರು.

"ಅಬ್ಬಾ, ಇಷ್ಟು ದೂರ ನಡೆದ್ರೂ ಯಾರೂ ಸ್ಕೂಟರ್ ನಿಲ್ಲಿಸಲಿಲ್ಲವಲ್ಲ!" ಎಂದರು ಅಯ್ಯನವರು.

ಡಾಕ್ಟರಮ್ಮ ನಗು ತಡೆಯಲಾರದೆ ಯಂತ್ರ ನಿಲ್ಲಿಸಿದರು. "ಅಯ್ಯನವರೇ, ಹೃದಯ ಚೆನ್ನಾಗಿ ಸುಧಾರಿಸಿದೆ. ವಾಕಿಂಗ್ ಇಲ್ಲದೆ ಇದು ಹೇಗಾಯ್ತು? ನಿಮ್ಮ ದಿನ ಹೇಗೆ ಕಳೆಯುತ್ತೆ, ಹೇಳಿ ನೋಡೋಣ."

ಅವರು ಟೈಲರ್‌ನಿಂದ ಶುರುಮಾಡಿ ಮೆಟ್ಟಿಲ ಜಗಳದವರೆಗೆ ಎಲ್ಲ ಹೇಳಿದರು.

"ದಿನಾ ಹೀಗೆ ನಡೆಯೋದು, ಹತ್ತಿ ಇಳಿಯೋದನ್ನೆಲ್ಲ ಮತ್ತೆ ಏನಂತ ಅಂದ್ಕೊಂಡಿದ್ರಿ?"

"ಕೆಲಸ ಅಂತ."

"ಹಾಗಾದ್ರೆ ಅದೇ ಕೆಲಸ ಮಾಡ್ತಾ ಇರಿ. ಬಿಷಪ್ಪರಿಗೆ ನಾನೇ ಫೋನ್ ಮಾಡ್ತೀನಿ. ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಲಿ."

ಅಯ್ಯನವರಿಗೆ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿ, ಅಂಗಿಯ ಗುಂಡಿಗಳನ್ನು ಮೇಲೊಂದು ಕೆಳಗೊಂದು ಹಾಕಿಕೊಂಡರು. ಹೆಂಡತಿ ಬಂದು ಅವನ್ನು ಬಿಚ್ಚಿ ಸರಿಮಾಡಿ, ಕಣ್ಣೊರೆಸಿಕೊಂಡರು.

ಹೊರಗೆ ಗೇಟಿನ ಬಳಿ ಟೈಲರ್ ಸ್ಕೂಟರ್ ಹಿಡಿದು ನಿಂತಿದ್ದ. "ಹತ್ತಿ ಅಯ್ಯನವರೇ! ಅಮ್ಮನವರನ್ನ ಆಮೇಲೆ ಬಂದು ಕರ್ಕೊಂಡು ಹೋಗ್ತೀನಿ."

ಅಯ್ಯನವರು ಹೆಂಡತಿಯ ಮುಖ ನೋಡಿದರು.

"ಹತ್ತಿ, ಹತ್ತಿ," ಎಂದರಾಕೆ. "ಎಲ್ಲಿ ಇಳಿಸ್ತಾನೋ ಅಲ್ಲಿಂದ ನಡ್ಕೊಂಡು ಬನ್ನಿ. ನಾನು ನಿಧಾನಕ್ಕೆ ನಡ್ಕೊಂಡೇ ಮನೆ ಸೇರಿ, ಬಾಗಿಲು ತೆಗೆದಿಟ್ಟಿರ್ತೀನಿ."