ಹತ್ತಕ್ಕೆ ಒಂಬತ್ತು

ಆ ಎಂಟು ವರ್ಷದ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದುದು ಪಟಾಕಿ ಅಂತಲೇ. ಹುಟ್ಟಿದ ವಾರದಲ್ಲೇ ಕರುಳು ತಿರುಚಿಕೊಂಡಿದ್ದರಿಂದ ವೈದ್ಯರು ಅದರ ಬಹುಪಾಲನ್ನು ಕತ್ತರಿಸಿ ತೆಗೆದಿದ್ದರು. ಉಳಿದ ಗೇಣುದ್ದದ ಕರುಳಿನಿಂದ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಬೆನ್ನಿನ ಚೀಲದಲ್ಲಿದ್ದ ಪುಟ್ಟ ಪಂಪು ಹಾಲಿನಂಥ ದ್ರವವನ್ನು ಎದೆಯ ಕೊಳವೆಯಿಂದ ನೇರ ರಕ್ತಕ್ಕೆ ತಳ್ಳುತ್ತಿತ್ತು. ಅದೇ ಅವಳ ಊಟ.

ಅವಳಪ್ಪ ಸೋಫಾ ಹೊಲಿಯುವವನು. ತಪಾಸಣೆಗೆ ಹೋದಾಗ ನರ್ಸಕ್ಕ ಅವನನ್ನು ಪಕ್ಕಕ್ಕೆ ಕರೆದಳು. "ನಿಮ್ಮ ಮಗಳ ಬದುಕು ಹೇಗಿದೆ? ಹತ್ತಕ್ಕೆ ಎಷ್ಟು ಕೊಡ್ತೀರಾ?"

ಅಪ್ಪನಿಗೆ ಒಂದೊಂದೇ ನೆನಪಾಯಿತು. ಓರಗೆಯ ಮಕ್ಕಳು ಬಾಯಾಡಿಸುವಾಗ ಮಗಳು ನೋಡುತ್ತ ಕೂರುವುದು, ಮೈ ಬೆಚ್ಚಗಾದರೆ ಸಾಕು, ಕೊಳವೆಯಿಂದ ರಕ್ತಕ್ಕೆ ಸೋಂಕು ತಗುಲಿತೇನೋ ಎಂದು ಜೀವ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡುವುದು... "ಮೂರು" ಅಂದ. ಅದೂ ಹೆಚ್ಚಾಯಿತೇನೋ ಅನ್ನಿಸಿತು.

ನರ್ಸಕ್ಕ ಅದನ್ನೇ ಪಟಾಕಿಗೂ ಕೇಳಿದಳು.

"ಒಂಬತ್ತು!"

"ಪುಟ್ಟಿ, ಹತ್ತು ಅಂದ್ರೆ ತುಂಬಾ ಚೆನ್ನಾಗಿದೆ ಅಂತ ಕಣೇ," ಅಪ್ಪ ತಿದ್ದಲು ಹೋದ.

"ಗೊತ್ತಪ್ಪಾ. ನಂಗೆ ಗೆಳತಿ ಇದಾಳೆ, ತಮ್ಮ ಇದಾನೆ. ಆನೆ ಚಿತ್ರ ನನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ."

"ಮತ್ತೆ ಒಂದು ಯಾಕೆ ಕಡಿಮೆ?" ನರ್ಸಕ್ಕ ಕೇಳಿದಳು. ಈಗ ಬಂತು ಊಟದ ಮಾತು ಅಂದುಕೊಂಡ ಅಪ್ಪ.

"ಕಣ್ಣಾಮುಚ್ಚಾಲೆ ಆಡೋವಾಗ ಪಂಪು ಗುರ್ ಗುರ್ ಅನ್ನುತ್ತೆ. ಎಲ್ಲಿ ಅಡಗಿದ್ರೂ ಸಿಕ್ಕಿಬೀಳ್ತೀನಿ. ಬರೀ ಮೋಸ!"

ನರ್ಸಕ್ಕ ಬಿದ್ದು ಬಿದ್ದು ನಕ್ಕಳು. ಅಪ್ಪನಿಗೆ ನಗು ಬರಲಿಲ್ಲ. ಇಷ್ಟು ವರ್ಷ ತಾನು ತಲೆಯ ಮೇಲೆ ಹೊತ್ತಿದ್ದ ಬೆಟ್ಟವನ್ನು ಇವಳು ಹತ್ತಿ ಕುಣಿಯುತ್ತಿದ್ದಳೇ? ಮಗಳ ಮುಖವನ್ನು ಹೊಸದಾಗಿ ಕಂಡಂತೆ ದಿಟ್ಟಿಸಿದ.

"ಚೀಲದೊಳಗೆ ಸ್ಪಂಜು ಹೊಲೀಬಹುದಾ?" ಕೇಳಿದ.

"ಹೊಲೀರಿ. ಗಾಳಿ ಆಡ್ಬೇಕು, ಕೊಳವೆ ಮಡಚ್ಕೋಬಾರ್ದು. ಪಂಪು ಕೆಟ್ರೆ ಬರೋ ಬೀಪ್ ಮಾತ್ರ ಕೇಳಿಸ್ಲೇಬೇಕು."

ಮೊದಲು ಹೊಲಿದದ್ದು ಬಿಸಿಯಾಗುತ್ತಿತ್ತು, ಬಿಚ್ಚಿದ. ಆಮೇಲಿನದು ಭಾರವಾಯಿತು. ಕೊನೆಗೆ ಹೊಲಿದ ಚೀಲವನ್ನು ನರ್ಸಕ್ಕ ತಿರುಗಿಸಿ ಮುರುಗಿಸಿ ನೋಡಿ ಸರಿಯಾಗಿದೆ ಎಂದು ತಲೆಯಾಡಿಸಿದಳು.

ರಜೆಯ ದಿನ ಅಪ್ಪ ಅಂಗಡಿಯಲ್ಲಿ ಮೊಳೆ ಹೊಡೆಯುತ್ತಿದ್ದ. ಬೀದಿಯ ಮಕ್ಕಳೆಲ್ಲ ಹುಡುಕಿ ಹುಡುಕಿ ಸುಸ್ತಾಗಿದ್ದರು. "ಅಕ್ಕಾ, ಸೋತ್ವಿ, ಬಾರೇ!" ತಮ್ಮ ಕೂಗಿದ.

ಅಪ್ಪನ ಮೊಣಕೈ ಪಕ್ಕದಲ್ಲೇ ಇದ್ದ ಹೊಸ ಸೋಫಾದ ಹೊದಿಕೆ ಸರಿಯಿತು. ಅದರ ಹಿಂದಿನಿಂದ ಪಟಾಕಿ ಎದ್ದು ನಿಂತಳು, ಮುಖದ ತುಂಬ ನಗು.

"ಅಪ್ಪಾ, ನಿಂಗೂ ಕೇಳಿಸ್ಲಿಲ್ವಾ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಎತ್ತಿದ ಸುತ್ತಿಗೆ ಕೈಯಲ್ಲೇ ಉಳಿದಿತ್ತು. ಅವಳಾಗಲೇ ಬೀದಿಗೆ ಹಾರಿಯಾಗಿತ್ತು.